ಐದು ನಿಮಿಷದ ದೋಣಿಯ ದಾರಿ

ಶೃಂಗೇರಿಯ ಯಾತ್ರಿಕರು ಇಂದು ತುಂಗೆಯ ಆಚೆಯ ದಡದಲ್ಲಿರುವ ನರಸಿಂಹವನಕ್ಕೆ ಕಾಲುಸೇತುವೆಯ ಮೇಲೆ ನಡೆದು, ಕೆಳಗೆ ಸುಳಿಯುವ ಮೀನುಗಳನ್ನು ನೋಡುತ್ತ ನಿಶ್ಚಿಂತೆಯಿಂದ ದಾಟುತ್ತಾರೆ. ಸೇತುವೆಯಿಲ್ಲದ ಕಾಲದಲ್ಲಿ ಹೊಳೆ ದಾಟಲು ದೋಣಿಯೇ ಗತಿ. ಕೊಪ್ಪದ ಕಡೆಯ ಹರಿಹರಪುರ ತುಂಗೆಯ ದಂಡೆಯ ಮೇಲಿದೆ. ನರಸಿಂಹರಾಜಪುರದ ಕಡೆಯ ಬಾಳೆಹೊನ್ನೂರು ಭದ್ರೆಯ ದಂಡೆಯ ಮೇಲಿದೆ. ಇಂಥ ಸೀಮೆಯ ಹಳೆಯ ತಲೆಮಾರಿಗೆ ದೋಣಿಯೆಂಬುದು ಎತ್ತಿನ ಗಾಡಿಯಷ್ಟೇ ಪರಿಚಿತವಾಗಿದ್ದ ವಸ್ತು. ಸುಳ್ಯದ ಗಿರೀಶ್ ಭಾರದ್ವಾಜರು ೧೯೮೯ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದ ಮೇಲೆ ಅಂಥ ಸೇತುವೆಗಳು ನೂರನ್ನು ಮೀರಿದವು. ೨೦೧೭ರಲ್ಲಿ ಅವರಿಗೆ ಪದ್ಮಶ್ರೀಯೂ ದೊರೆಯಿತು. ಆದರೂ ದೋಣಿಯ ಕಾಲ ಪೂರ್ತಿ ಮುಗಿದಿಲ್ಲ.

ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಪೂರ್ಣಮಟ್ಟ ೧೮೬ ಅಡಿ. ಅದರ ಹಿನ್ನೀರು ನರಸಿಂಹರಾಜಪುರದ ಬದಿಗೆ ಹಬ್ಬಿ, ಒಂದು ಕಾಲದ ಕಾಡನ್ನೂ ಗದ್ದೆಗಳನ್ನೂ ತನ್ನ ಒಡಲಲ್ಲಿ ಇಟ್ಟುಕೊಂಡಿದೆ. ಒಣಗಿದ ಮರದ ಬೊಡ್ಡೆಗಳು ಬೇಸಗೆಯಲ್ಲಿ ತಲೆಯೆತ್ತಿ ನಿಲ್ಲುತ್ತವೆ. ಮಳೆಗಾಲ ಕಳೆದಾಗ ಅವೇ ಬೊಡ್ಡೆಗಳು ನೀರಿನ ಗೇಣುದ್ದ ಕೆಳಗೆ ಅಡಗಿರುತ್ತವೆ. ಮೇಲೆ ನೋಡಿದರೆ ಕನ್ನಡಿಯಂಥ ನೀರು! ದಾರಿ ಬಲ್ಲ ಅಂಬಿಗನನ್ನು ಬಿಟ್ಟು, ದೋಣಿ ಸಿಕ್ಕಿತೆಂದು ತಾವೇ ಹುಟ್ಟು ಹಿಡಿಯುವ ಪಟ್ಟಣದ ತರುಣರು ಇದನ್ನು ತಿಳಿದಿರಬೇಕು.

ಸಮುದ್ರಯಾನಿಗಳ ಅನುಭವವೊಂದು ಇಲ್ಲಿ ಸ್ಮರಣೀಯ. ದೊಡ್ಡ ಹಾಯಿನೌಕೆ ಆಳವಿಲ್ಲದ ದಡಕ್ಕೆ ಬರಲಾರದು. ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತದೆ. ಅಲ್ಲಿಂದ ದಡಕ್ಕೆ ಓಡಾಡಲು ಒಂದು ಪುಟ್ಟ ದೋಣಿ. ಬಿರುಗಾಳಿಯಲ್ಲಿ ಸಾಗರವನ್ನೇ ದಾಟಿ ಬಂದ ನಾವಿಕರು, ದಡದಲ್ಲಿ ಊಟ ಪಾನಗಳನ್ನು ಮುಗಿಸಿ ಕತ್ತಲಲ್ಲಿ ಹಿಂದಿರುಗುವಾಗ ಈ ಪುಟ್ಟ ದೋಣಿ ಮಗುಚಿ ಜೀವ ತೆತ್ತದ್ದುಂಟು. ಸಾಗರದಲ್ಲಿ ಎಚ್ಚರವಿತ್ತು, ಐದು ನಿಮಿಷದ ದಾರಿಯಲ್ಲಿ ಇರಲಿಲ್ಲ.

ಅಪಾಯದ ಗಳಿಗೆಯೆಂದರೆ ಹತ್ತುವುದು ಮತ್ತು ಇಳಿಯುವುದು. ದಡಕ್ಕೆ ಕಾಲಿಟ್ಟು ನೆಗೆದವನು ತನಗರಿವಿಲ್ಲದೆಯೇ ದೋಣಿಯನ್ನು ಹಿಂದಕ್ಕೆ ಒದ್ದಿರುತ್ತಾನೆ. ನ್ಯೂಟನ್ನನ ಮೂರನೆಯ ನಿಯಮವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದವರೂ ಇಲ್ಲಿ ಅದನ್ನು ಮರೆಯುತ್ತಾರೆ. ಒಬ್ಬರು ಹಗ್ಗವನ್ನು ಬಿಗಿಯಾಗಿ ಹಿಡಿದಿರಬೇಕು. ಹತ್ತುವವರು ಒಬ್ಬೊಬ್ಬರಾಗಿ, ಕೈಯಲ್ಲಿ ಗಂಟು ಮೂಟೆಗಳಿಲ್ಲದೆ, ಬಾಗಿ, ದೋಣಿಯ ನಟ್ಟನಡುವೆ ಹೆಜ್ಜೆಯಿಟ್ಟು ಕೂಡಲೇ ಕುಳಿತುಬಿಡಬೇಕು. ಸಾಮಾನನ್ನು ಆಮೇಲೆ ಕೈಗೆ ಕೊಟ್ಟರಾಯಿತು. ನೀರಿನ ನಡುವೆ ಹಕ್ಕಿ ಕಂಡಿತೆಂದು ಎಲ್ಲರೂ ಒಂದೇ ಮಗ್ಗುಲಿಗೆ ಎದ್ದುನಿಲ್ಲುವುದು, ಫೋಟೋಕ್ಕಾಗಿ ಜಾಗ ಬದಲಿಸುವುದು ಕೂಡದು.

೨೦೧೯ರ ಜನವರಿ ೨೧ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಮಗುಚಿ ೧೬ ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ದೇವರ ದರ್ಶನ ಮಾಡಿ ಸಂಜೆಗೆ ಮನೆ ಸೇರಬೇಕೆಂದು ಹೊರಟಿದ್ದ ಸಂಸಾರಗಳವು. ಅಂಥ ಹೊತ್ತಿನಲ್ಲಿ, “ಇನ್ನೊಬ್ಬರು ಹಿಡಿಸುತ್ತಾರೆ, ಸ್ವಲ್ಪ ಸರಿಯಿರಿ” ಎಂಬ ಮಾತು ಎಲ್ಲ ದಡಗಳಲ್ಲಿಯೂ ಕೇಳಿಬರುವಂಥದೇ. ಹೊರೆ ಹೆಚ್ಚಿದಷ್ಟೂ ದೋಣಿಯ ಅಂಚು ನೀರಿಗೆ ಹತ್ತಿರವಾಗುತ್ತದೆ. ಆಗ ಒಂದು ಸಣ್ಣ ಅಲೆ ಸಾಕು. ಅಂಬಿಗ ಬೇಡವೆಂದಾಗ ಯಜಮಾನರು ಅವನೊಡನೆ ವಾದಕ್ಕೆ ನಿಲ್ಲದಿರುವುದು ಲೇಸು.

ಜೀವರಕ್ಷಕ ಜಾಕೀಟು ದೋಣಿಯ ಮೂಲೆಯಲ್ಲಿ ರಾಶಿ ಬಿದ್ದಿದ್ದರೆ ಪ್ರಯೋಜನವಿಲ್ಲ. ಹತ್ತುವ ಮೊದಲೇ ತೊಟ್ಟು ಪಟ್ಟಿ ಬಿಗಿದಿರಬೇಕು. ದೊಡ್ಡವರ ಜಾಕೀಟು ಮಗುವಿಗೆ ನೀರಿನಲ್ಲಿ ತಲೆಯ ಮೇಲಿಂದ ಕಳಚಿಹೋಗುವುದರಿಂದ ಮಗುವಿನ ಅಳತೆಯದೇ ಬೇಕು. ಈಜು ಬಲ್ಲವರೂ ತೊಡಬೇಕು. ಉಟ್ಟ ಸೀರೆ, ಪಂಚೆಗಳು ನೆನೆದು ಕಾಲಿಗೆ ಸುತ್ತಿಕೊಂಡಾಗ ಈಜಿನ ಬಲ ಎಷ್ಟೆಂಬುದು ಗೊತ್ತಾಗುತ್ತದೆ.

ದೋಣಿ ಮಗುಚಿಯೇಬಿಟ್ಟರೆ? ಮರದ ದೋಣಿ ಬೋರಲಾದರೂ ಸಾಮಾನ್ಯವಾಗಿ ತೇಲುತ್ತಲೇ ಇರುತ್ತದೆ. ದಡ ಹತ್ತಿರವೆಂದು ಈಜಲು ಹೊರಡುವುದಕ್ಕಿಂತ ಅದನ್ನೇ ಹಿಡಿದಿರುವುದು ಕ್ಷೇಮ. ಹರಿಯುವ ಹೊಳೆಯಲ್ಲಿ ದೋಣಿಯ ಮೇಲ್ಹರಿವಿನ ಬದಿಗೇ ಇರಬೇಕು; ಕೆಳಗಿದ್ದರೆ ಬಂಡೆಗೂ ದೋಣಿಗೂ ನಡುವೆ ಸಿಕ್ಕಿಕೊಳ್ಳುವ ಭಯ. ನೀರಿಗೆ ಬಿದ್ದವರನ್ನು ಪಕ್ಕದಿಂದ ಎಳೆದುಕೊಂಡರೆ ದೋಣಿ ವಾಲುತ್ತದೆ. ತುದಿಯ ಕಡೆಯಿಂದ ಹತ್ತಿಸಿಕೊಳ್ಳಬೇಕು.

ದೋಣಿಯಲ್ಲಿ ನೀರು ಮೊಗೆಯಲು ಒಂದು ಡಬ್ಬಿ, ಹೆಚ್ಚಿನದೊಂದು ಹುಟ್ಟು, ಉದ್ದನೆಯ ಹಗ್ಗ, ಮುಚ್ಚಂಜೆಯಾದರೆ ಒಂದು ಟಾರ್ಚು ಇವೆಯೇ ಎಂದು ದಡದಲ್ಲಿಯೇ ನೋಡಿಕೊಳ್ಳಬೇಕು. ಜನ ಹೆಚ್ಚಿದ್ದರೆ ಅರ್ಧ ಸಂಸಾರ ಮೊದಲು ಹೋಗಲಿ. ಉಳಿದವರು ಮರದ ನೆರಳಲ್ಲಿ ಕುಳಿತು ಬುತ್ತಿಯ ಗಂಟು ಬಿಚ್ಚುವಷ್ಟರಲ್ಲಿ ಅಂಬಿಗ ಮರಳಿ ಬಂದಿರುತ್ತಾನೆ.