ಹಳೆಯ ಗಣಕಕ್ಕೆ ಹೊಸ ವ್ಯವಸ್ಥೆ: ಅಂತರ್ಜಾಲದ ಹಸ್ತಾಂತರ

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ವಿಂಡೋಸ್ 11 ಅಪೇಕ್ಷಿಸುವ ಸುರಕ್ಷತಾ ಚಿಪ್ಪಾಗಲಿ ಪ್ರೊಸೆಸರಾಗಲಿ ಇಲ್ಲದಿದ್ದರೂ ಇನ್ನೂ ಗಟ್ಟಿಮುಟ್ಟಾಗಿರುವ ಗಣಕಯಂತ್ರಗಳು ಮಹಾನಗರದ ಕನ್ನಡಿಗರ ಮನೆಗಳಲ್ಲಿ ಕಡಿಮೆಯಿಲ್ಲ. ಊರಿನಲ್ಲಿರುವ ಹಿರಿಯರ ಮುಖ ಕಾಣುವುದು, ಬ್ಯಾಂಕಿನ ಲೆಕ್ಕ ನೋಡುವುದು ಎಲ್ಲವೂ ಅವುಗಳಲ್ಲಿಯೇ. ಅಂಥವುಗಳನ್ನು ಗುಜರಿಗೆ ಹಾಕದೆ, ಲಿನಕ್ಸ್ ಮಿಂಟ್ ಅಥವಾ ಉಬುಂಟು ಎಂಬ ಉಚಿತ ವ್ಯವಸ್ಥೆಯನ್ನು ಅಳವಡಿಸಿಕೊಳ್ಳುವುದು ವಿವೇಕದ ಮಾರ್ಗವೇ ಸರಿ. ಆದರೆ ಹಾಗೆ ಮಾಡಿದವರಲ್ಲಿ ಅನೇಕರು ಎಡವುವುದು ಅಂತರ್ಜಾಲದ ಹೊಸ್ತಿಲಿನಲ್ಲಿ.

ಬ್ಯಾಂಕಿನ ಶಾಖೆಯ ವ್ಯವಸ್ಥಾಪಕರು ವರ್ಗವಾದಾಗ ಕಟ್ಟಡವಾಗಲಿ ತಿಜೋರಿಯಾಗಲಿ ಬದಲಾಗುವುದಿಲ್ಲ. ಆದರೂ ಬೀಗದ ಕೈಗಳ ಹಸ್ತಾಂತರವಾಗದಿದ್ದರೆ ಮರುದಿನ ವ್ಯವಹಾರ ನಡೆಯದು. ಇಲ್ಲಿಯೂ ಹಾಗೆಯೇ. ಮನೆಗೆ ಬರುವ ತಂತಿ, ರೂಟರು, ಚಂದಾ ಎಲ್ಲವೂ ಮೊದಲಿನಂತೆಯೇ ಇರುತ್ತವೆ. ವೈ-ಫೈಯ ಗುಪ್ತಪದ ಮಾತ್ರ ಹಳೆಯ ವ್ಯವಸ್ಥೆಯ ನೆನಪಿನಲ್ಲಿತ್ತು. ಅದನ್ನು ಅಳಿಸಿದೊಡನೆ ಇದೂ ಅಳಿಯಿತು. ಆದುದರಿಂದ ಕಡತಗಳ ಪ್ರತಿ ತೆಗೆದಿಡುವಾಗಲೇ ಗುಪ್ತಪದವನ್ನೂ ಕಾಗದದಲ್ಲಿ ಬರೆದಿಡತಕ್ಕದ್ದು. ಸಾಮಾನ್ಯವಾಗಿ ಇಷ್ಟು ಸಾಕು, ಏಕೆಂದರೆ ಗಣಕಕ್ಕೆ ಬೇಕಾದ ಐಪಿ ವಿಳಾಸವನ್ನು ರೂಟರೇ ಒದಗಿಸುತ್ತದೆ. ರೂಟರಿಲ್ಲದೆ ತಂತಿಯು ನೇರವಾಗಿ ಗಣಕಕ್ಕೆ ಬರುವ ಮನೆಗಳಲ್ಲಿ ಮಾತ್ರ, ಸೇವೆ ನೀಡುವವರು ಕೊಟ್ಟ ಬಳಕೆದಾರರ ಹೆಸರು ಮತ್ತು ಅದರ ಗುಪ್ತಪದವೂ ಬೇಕಾಗಬಹುದು.

ನಿಜವಾದ ತೊಡಕು ಬೇರೆಯೇ ಇದೆ. ವೈ-ಫೈ ಚಿಪ್ಪನ್ನು ನಡೆಸಲು ಡ್ರೈವರ್ ಎಂಬ ಸಣ್ಣ ತಂತ್ರಾಂಶ ಬೇಕು. ಬಹುಪಾಲು ಚಿಪ್ಪುಗಳ ಡ್ರೈವರುಗಳು ಲಿನಕ್ಸಿನೊಡನೆಯೇ ಬರುತ್ತವೆ. ಬ್ರಾಡ್‌ಕಾಮ್ ಸಂಸ್ಥೆಯ ಕೆಲವು ಚಿಪ್ಪುಗಳಿಗೆ ಪ್ರತ್ಯೇಕವಾಗಿ ತರಿಸಿಕೊಳ್ಳಬೇಕು. ತರಿಸಲು ಅಂತರ್ಜಾಲ ಬೇಕು, ಅಂತರ್ಜಾಲಕ್ಕೆ ಡ್ರೈವರ್ ಬೇಕು! ಪೆಟ್ಟಿಗೆಯ ಕೀಲಿಕೈ ಪೆಟ್ಟಿಗೆಯೊಳಗೇ ಉಳಿದಂತೆ. ಹಳೆಯದನ್ನು ಅಳಿಸಿ ಕುಳಿತವರಿಗೆ ಆಗ ಹಿಂದಿರುಗುವ ದಾರಿಯೂ ಇರುವುದಿಲ್ಲ.

ಇದನ್ನು ತಪ್ಪಿಸಲು ಸುಲಭೋಪಾಯವಿದೆ. ಲಿನಕ್ಸನ್ನು ಸ್ಥಾಪಿಸದೆಯೇ ಪೆನ್‌ಡ್ರೈವಿನಿಂದ ನಡೆಸಿ ನೋಡಬಹುದು. ಹಾಗೆ ನಡೆಸಿದಾಗ ವೈ-ಫೈ ಹೆಸರುಗಳು ಕಾಣಿಸಿಕೊಂಡು ಸಂಪರ್ಕ ದೊರೆತರೆ ಮಾತ್ರ ಮುಂದುವರಿಯುವುದು ಕ್ಷೇಮ. ದೊರೆಯದಿದ್ದರೆ ಆಂಡ್ರಾಯ್ಡ್ ಮೊಬೈಲನ್ನು ತಂತಿಯಿಂದ ಗಣಕಕ್ಕೆ ಜೋಡಿಸಿ, ಅದರಲ್ಲಿ ಯುಎಸ್‌ಬಿ ಟೆದರಿಂಗ್ ಎಂಬುದನ್ನು ಚಾಲೂ ಮಾಡಬೇಕು. (ಕೇವಲ ಚಾರ್ಜಿಗಾಗಿ ಮಾರುವ ಅಗ್ಗದ ತಂತಿಗಳು ಈ ಕೆಲಸಕ್ಕೆ ಬಾರವು.) ಲಿನಕ್ಸ್ ಅದನ್ನು ತಂತಿಯ ಸಂಪರ್ಕವೆಂದೇ ಭಾವಿಸುತ್ತದೆ. ಹೀಗೆ ಎರವಲು ಪಡೆದ ಜಾಲದ ಮೂಲಕ, ಮಿಂಟ್‌ನಲ್ಲಿಯೇ ಇರುವ ಡ್ರೈವರ್ ಮ್ಯಾನೇಜರ್ ತಕ್ಕ ಡ್ರೈವರನ್ನು ತರಿಸಿಕೊಡುತ್ತದೆ.

ಕೆಲವರು ಒಂದೇ ಗಣಕದಲ್ಲಿ ಎರಡೂ ವ್ಯವಸ್ಥೆಗಳನ್ನು ಇರಿಸಿಕೊಳ್ಳುವುದುಂಟು. ಅಂಥವರಿಗೆ ವಿಂಡೋಸಿನಲ್ಲಿ ದೊರೆಯುವ ವೈ-ಫೈ ಲಿನಕ್ಸಿನಲ್ಲಿ ಒಮ್ಮೊಮ್ಮೆ ಮಾಯವಾಗಬಹುದು. ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯದಿಂದಾಗಿ ವಿಂಡೋಸ್ ಪೂರ್ಣವಾಗಿ ಮುಚ್ಚದೆ ಅರೆನಿದ್ದೆಗೆ ಜಾರುವುದೂ, ಚಿಪ್ಪನ್ನು ಸರಿಯಾಗಿ ಬಿಟ್ಟುಕೊಡದಿರುವುದೂ ಇದಕ್ಕೆ ಕಾರಣವಾಗಿರಬಹುದು. ವಿಂಡೋಸಿನ ಕಂಟ್ರೋಲ್ ಪ್ಯಾನೆಲಿನಲ್ಲಿ, ಪವರ್ ಆಪ್ಷನ್ಸ್ ವಿಭಾಗದೊಳಗೆ, ಅದರ ಮುಂದಿರುವ ಗುರುತನ್ನು ತೆಗೆದು ಯಂತ್ರವನ್ನು ಒಮ್ಮೆ ಪೂರ್ಣವಾಗಿ ಆರಿಸಿ ನೋಡಬೇಕು.