ಗೂಡಿನ ಗೋಂದು, ಬಳಲಿದ ಚರ್ಮಕ್ಕೆ

ಮೆಡಿಕಲ್ ಅಂಗಡಿಯಲ್ಲಿ ಅಣಬೆ ಸಾರ, ಲೋಳೆಸರದ ಕ್ರೀಮುಗಳ ಸಾಲಿನಲ್ಲೇ ‘ಸೆರಿಸಿನ್’ ಎಂದು ಬರೆದ ಡಬ್ಬಿಯೂ ಸಿಗಬಹುದು. ಹೆಸರು ಹೊಸದು, ವಸ್ತು ಮಾತ್ರ ನಮ್ಮದೇ. ರಾಮನಗರ, ಕನಕಪುರದಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ರೀಲಿಂಗ್ ಮನೆಗಳಿಂದ ದಿನವೂ ಬಿಸಿನೀರಿನ ಜೊತೆ ಮೋರಿಗೆ ಹೋಗುವ ಅಂಟೇ ಇದು.

ರೇಷ್ಮೆಹುಳು ಎರಡು ಪ್ರೋಟೀನ್ ಸೇರಿಸಿ ಗೂಡು ಕಟ್ಟುತ್ತದೆ. ಒಂದು ಫೈಬ್ರಾಯಿನ್, ಅಂದರೆ ಸೀರೆಯಾಗುವ ಎಳೆ. ಇನ್ನೊಂದು ಸೆರಿಸಿನ್, ಎಳೆಗಳನ್ನು ಒಂದಕ್ಕೊಂದು ಹಿಡಿಸುವ ಗೋಂದು. ದ್ವಿತಳಿಯ ಒಂದು ಕಿಲೋ ಹಸಿಗೂಡಿನಲ್ಲಿ ಬಹುಪಾಲು ತೂಕ ಒಳಗಿನ ಪ್ಯೂಪಾದ್ದು, ಅಂದರೆ ಕೋಶಾವಸ್ಥೆಯ ಹುಳುವಿನದು. ಹೊರಗಿನ ಕವಚ ಸುಮಾರು 200 ಗ್ರಾಂ. ಅದರಲ್ಲಿ ಕಾಲುಭಾಗ, ಎಂದರೆ 50 ಗ್ರಾಂನಷ್ಟು, ಸೆರಿಸಿನ್.

ಚರ್ಮಕ್ಕೆ ಇದರಿಂದ ಏನು ಉಪಯೋಗ? ನಮ್ಮ ಚರ್ಮದ ಮೇಲ್ಪದರದಲ್ಲಿ ತೇವ ಹಿಡಿದಿಡುವ ಸಹಜ ಅಂಶಗಳಿವೆ. ಸೆರೀನ್ ಎಂಬ ಅಮೈನೊ ಆಮ್ಲ, ಅಂದರೆ ಪ್ರೋಟೀನಿನ ಒಂದು ಬಿಡಿಭಾಗ, ಅವುಗಳಲ್ಲಿ ಮುಖ್ಯ. ಗೂಡಿನ ಗೋಂದಿನಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಸೆರೀನೇ ಇದೆ. ಅದಕ್ಕೇ ಅದು ನೀರನ್ನು ಹಿಡಿಯುತ್ತದೆ. ಹಚ್ಚಿದಾಗ ಚರ್ಮದ ಮೇಲೆ ತೆಳ್ಳನೆಯ ಪೊರೆ ಕಟ್ಟಿ, ಒಳಗಿನ ತೇವ ಬೇಗ ಆರದಂತೆ ನೋಡಿಕೊಳ್ಳುತ್ತದೆ. ಒಣಗಿ ಬಿರುಸಾದ ಮುಖ ಮೆತ್ತಗಾಗುತ್ತದೆ. ನಿದ್ದೆಗೆಟ್ಟು ಕಣ್ಣಿನ ಕೆಳಗೆ ಬಂದ ಕಪ್ಪು ಇದರಿಂದ ಹೋಗುವುದಿಲ್ಲ. ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

‘ಹಾಗಾದರೆ ರೀಲಿಂಗ್ ಮನೆಯಲ್ಲಿ ಬಿಸಿನೀರಿನ ಬೇಸಿನ್ ಮುಂದೆ ಕೂರುವ ಹೆಂಗಸರ ಕೈ ಮೃದುವಾಗಿರಬೇಕಲ್ಲ?’ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅವರ ಕೈ ಇಡೀ ದಿನ ಬಿಸಿನೀರಿನಲ್ಲಿ ನೆನೆದು, ಬೆರಳುಸಂದಿ ಬೆಳ್ಳಗಾಗಿ ಒಡೆದಿರುತ್ತದೆ. ಆ ನೀರಿನಲ್ಲಿ ಗೋಂದಿನ ಜೊತೆ ಪ್ಯೂಪಾದ ಕೊಳೆಯೂ ಇರುತ್ತದೆ. ಕೆಲವರಿಗೆ ರೇಷ್ಮೆಯ ಪ್ರೋಟೀನಿನಿಂದಲೇ ತುರಿಕೆ, ಉಬ್ಬಸ ಬರುವುದುಂಟು. ಆ ಕೈಗಳಿಗೆ ಮೊದಲು ಬೇಕಾದದ್ದು ಕೈಗವಸು ಮತ್ತು ಚಿಕಿತ್ಸೆ.

ಕ್ರೀಮಿಗೆ ಹೋಗುವ ಸೆರಿಸಿನ್ ಬೇರೆ ದಾರಿಯಲ್ಲಿ ಬರುತ್ತದೆ. ಶುಚಿಯಾದ ಕವಚವನ್ನೋ ಕಚ್ಚಾ ರೇಷ್ಮೆಯನ್ನೋ ಬರೀ ನೀರಿನಲ್ಲಿ, ಹೆಚ್ಚಿನ ಶಾಖ ಮತ್ತು ಒತ್ತಡದಲ್ಲಿ ಬೇಯಿಸುತ್ತಾರೆ. ಕರಗಿದ ಗೋಂದನ್ನು ಸೋಸಿ, ಒಣಗಿಸಿ ಪುಡಿ ಮಾಡುತ್ತಾರೆ. ಬಣ್ಣ ಹಾಕುವ ಮೊದಲು ರೇಷ್ಮೆಯ ಅಂಟು ತೆಗೆಯಲು ಸೋಪು, ಸೋಡಾ ಹಾಕಿ ಬೇಯಿಸುವುದುಂಟು. ಆ ನೀರಿನಿಂದ ಸೆರಿಸಿನ್ ಬೇರ್ಪಡಿಸುವುದು ಕಷ್ಟ, ಖರ್ಚೂ ಹೆಚ್ಚು.

ಮಾರುಕಟ್ಟೆಯಿಂದ ನಾಲ್ಕು ಗೂಡು ತಂದು ಮನೆಯಲ್ಲೇ ಕುದಿಸಿ ಹಚ್ಚಿಕೊಳ್ಳುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಹುಳು ಸಾಕುವ ಮನೆಗೆ ಬ್ಲೀಚಿಂಗ್ ಪೌಡರ್, ಫಾರ್ಮಲಿನ್‌ನಂಥ ಸೋಂಕುನಿವಾರಕ ಬಳಸುತ್ತಾರೆ. ಗೂಡು ಬೆಳೆದದ್ದು ನೂಲಿಗಾಗಿ, ಮುಖಕ್ಕಾಗಿ ಅಲ್ಲ.

ಕೊಳ್ಳುವಾಗ ಡಬ್ಬಿಯ ಹಿಂಬದಿ ಓದಿ. ಘಟಕಗಳ ಪಟ್ಟಿಯಲ್ಲಿ ಹೆಚ್ಚು ಇರುವುದು ಮೊದಲು ಬರುತ್ತದೆ. ಸೆರಿಸಿನ್ ಕಟ್ಟಕಡೆಯಲ್ಲಿ, ಸುಗಂಧದ ಪಕ್ಕದಲ್ಲಿದ್ದರೆ ನೀವು ಹಣ ಕೊಡುತ್ತಿರುವುದು ಹೆಸರಿಗೆ. ‘ಹೈಡ್ರೊಲೈಸ್ಡ್ ಸಿಲ್ಕ್’ ಎಂದಿದ್ದರೆ ಅದು ಸಣ್ಣದಾಗಿ ಒಡೆದ ರೇಷ್ಮೆ ಪ್ರೋಟೀನ್, ಗೋಂದೇ ಆಗಿರಬೇಕೆಂದಿಲ್ಲ. ತಯಾರಿಕಾ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ ಇರಲೇಬೇಕು. ಬೆಲೆ ಜಾಸ್ತಿ ಎನಿಸಿದರೆ ಸಂಕೋಚವಿಲ್ಲದೆ ಬಿಟ್ಟುಬಿಡಿ. ಗ್ಲಿಸರಿನ್ ಇರುವ ಸಾದಾ ಕ್ರೀಂ ಕೂಡ ತೇವ ಹಿಡಿಯುತ್ತದೆ, ಬಹಳ ಅಗ್ಗ.

ಸೂಕ್ಷ್ಮ ಚರ್ಮದವರು ಮೊದಲ ದಿನವೇ ಮುಖಕ್ಕೆ ಹಚ್ಚಬೇಡಿ. ಮೊಣಕೈ ಒಳಮಡಿಕೆಗೆ ದಿನಕ್ಕೆ ಎರಡು ಸಲದಂತೆ ಒಂದು ವಾರ ಹಚ್ಚಿ ನೋಡಿ. ಕೆಂಪಾದರೆ, ತುರಿಸಿದರೆ ಅಲ್ಲಿಗೇ ನಿಲ್ಲಿಸಿ, ಚರ್ಮದ ಡಾಕ್ಟರಿಗೆ ತೋರಿಸಿ.

ಮಾಗಡಿ, ಚನ್ನಪಟ್ಟಣದ ರೀಲರುಗಳಿಗೂ ಒಂದು ಮಾತು. ಸೆರಿಸಿನ್ ತೆಗೆಯುವ ವಿಚಾರ ತಿಳಿಯಬೇಕಿದ್ದರೆ ಕನಕಪುರ ರಸ್ತೆಯ ತಲಘಟ್ಟಪುರದಲ್ಲಿರುವ ರಾಜ್ಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ, ಇಲ್ಲವೇ ಬೆಂಗಳೂರಿನ ಕೇಂದ್ರೀಯ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ ವಿಚಾರಿಸಿ. ಯಂತ್ರಕ್ಕೆ ಹಣ ಹಾಕುವ ಮೊದಲು, ಪುಡಿ ಕೊಳ್ಳುವವರು ಯಾರು ಎಂಬುದನ್ನು ಖಚಿತ ಮಾಡಿಕೊಳ್ಳಿ.