ಸಾರ್ವಜನಿಕ ಸಂಪರ್ಕ ಸಂಸ್ಥೆಗಳಲ್ಲಿ ಇಂಟರ್ನ್‌ಗಳ ಕೆಲಸ

ಸಾರ್ವಜನಿಕ ಸಂಪರ್ಕ ಸಂಸ್ಥೆಗೆ ಇಂಟರ್ನ್ ಆಗಿ ಸೇರಿದ ವಿದ್ಯಾರ್ಥಿಯ ದಿನವು ಸಾಮಾನ್ಯವಾಗಿ ಪತ್ರಿಕೆಗಳ ನಡುವೆ ಆರಂಭವಾಗುತ್ತದೆ. ಗ್ರಾಹಕ ಉದ್ಯಮಗಳ ಹೆಸರು ಬಂದಿರುವ ಸುದ್ದಿಗಳನ್ನು ಪತ್ರಿಕೆ ಹಾಗೂ ಜಾಲತಾಣಗಳಲ್ಲಿ ಹುಡುಕಿ, ದಿನಾಂಕ ನಮೂದಿಸಿ ವರದಿ ಕಳುಹಿಸಬೇಕು. ಅನಂತರ ಪತ್ರಿಕಾ ಪ್ರಕಟಣೆಯ ಕರಡು, ಕನ್ನಡ ಅನುವಾದದ ಪರಿಶೀಲನೆ, ಪ್ರಕಟಣೆ ತಲುಪಿತೇ ಎಂದು ವರದಿಗಾರರಿಗೆ ಕರೆ. ಪುಟ ಕಟ್ಟುವ ಹೊತ್ತಿನಲ್ಲಿ ಕರೆ ಮಾಡಿದವನಿಗೆ ದೊರೆಯುವ ಉತ್ತರವನ್ನು ಯಾವ ಕಾಲೇಜೂ ಕಲಿಸದು.

ಮಾಸಿಕ ಶುಲ್ಕ ತೆರುವ ಉದ್ಯಮಿ ಗಮನಿಸಬೇಕಾದುದು ತಿಂಗಳ ಕೊನೆಯ ಲೆಕ್ಕವನ್ನು. ಸುದ್ದಿಯ ವಿಸ್ತೀರ್ಣವನ್ನು ಅಳೆದು ಜಾಹೀರಾತು ದರದಿಂದ ಗುಣಿಸುವ ಪಟ್ಟಿಯನ್ನು ಹಲವೆಡೆ ಇಂಟರ್ನ್‌ಗಳೇ ತಯಾರಿಸುತ್ತಾರೆ. 400 ಚದರ ಸೆಂ.ಮೀ. ಸುದ್ದಿ, ದರ 500 ರೂ. ಎಂದಾದರೆ 2 ಲಕ್ಷ ರೂ. ಪ್ರಚಾರ! ಗುಣಾಕಾರ ಸರಿಯೇ, ಆದರೆ ಈ ವಿಧಾನದಲ್ಲಿ ಗ್ರಾಹಕರ ದೂರಿನ ಸುದ್ದಿಗೂ ಅಷ್ಟೇ ಬೆಲೆ. ಸಂಪರ್ಕ ಕ್ಷೇತ್ರದವರೇ 2010ರಲ್ಲಿ ರೂಪಿಸಿದ ಬಾರ್ಸಿಲೋನಾ ತತ್ವಗಳು ಇದನ್ನು ಒಪ್ಪುವುದಿಲ್ಲ. ಒಪ್ಪಂದ ನವೀಕರಿಸುವ ಮುನ್ನ ಈ ಮೊತ್ತವನ್ನು ಬದಿಗಿರಿಸಿ, ಸುದ್ದಿ ಓದಿ ವಿಚಾರಿಸಿದ ಖರೀದಿದಾರರ ಸಂಖ್ಯೆಯನ್ನು ನೋಡುವುದು ಮೇಲು.

ಇನ್ನೊಂದು ವಿಷಯ: ಮಾರುಕಟ್ಟೆಗೆ ಬಾರದ ಉತ್ಪನ್ನದ ಬೆಲೆ, ವಿವರಗಳು ಕರಡು ಬರೆಯುವ ಇಂಟರ್ನ್‌ಗೂ ತಿಳಿಯುತ್ತವೆ. ಆದ್ದರಿಂದ ಒಪ್ಪಂದದ ಗೋಪ್ಯತಾ ಷರತ್ತು ಅವರಿಗೂ ಅನ್ವಯಿಸುವಂತೆ ಬರೆಯಿಸತಕ್ಕದ್ದು.